560001: ಜಿಪಿಒ ಸಂಖ್ಯೆಯನ್ನು ಒಡೆದು ನೋಡಿದಾಗ

ಕಳೆದ ರಾಜ್ಯೋತ್ಸವದ ಬೆಳಿಗ್ಗೆ ಮಲ್ಲೇಶ್ವರದ ನಮ್ಮ ಬೀದಿಯ ವಾಟ್ಸ್‌ಆ್ಯಪ್ ಗುಂಪಿಗೆ ಒಂದು ಸಂದೇಶ ಬಂತು. ಅರಿಶಿನ-ಕುಂಕುಮದ ಬಣ್ಣ, ನಡುವೆ ವಿಧಾನಸೌಧದ ಚಿತ್ರ, ಕೆಳಗೆ ದಪ್ಪ ಅಕ್ಷರದಲ್ಲಿ ಒಂದು ಮಾತು: ವಿಧಾನಸೌಧದ ಪಿನ್ ಕೋಡ್ 560001 ಅವಿಭಾಜ್ಯ ಸಂಖ್ಯೆ, ನಮ್ಮ ನಾಡಿನ ಹಾಗೆಯೇ ಇದನ್ನೂ ಯಾರೂ ಒಡೆಯಲಾರರು! ತಿಂಡಿ ಮುಗಿಯುವಷ್ಟರಲ್ಲಿ ಅದರ ಕೆಳಗೆ ಕೈಮುಗಿದ ಚಿಹ್ನೆಗಳ ಸಾಲು. ಮಧ್ಯಾಹ್ನದ ಹೊತ್ತಿಗೆ ಎದುರು ಮನೆಯ ಒಂಬತ್ತನೇ ಕ್ಲಾಸಿನ ಹುಡುಗಿ ಒಂದೇ ಸಾಲು ಹಾಕಿದಳು: "3ರಿಂದ ಹೋಗುತ್ತಲ್ಲಾ ಅಂಕಲ್."

ಅಲ್ಲಿಂದ ಶುರುವಾಯಿತು ಪ್ರಶ್ನೆಗಳ ಮಳೆ. ಅವಿಭಾಜ್ಯ ಅಂದರೆ ಏನು? ಭಾಗಾಕಾರ ಮಾಡದೆ ಅವಳಿಗೆ ಹೇಗೆ ಗೊತ್ತಾಯಿತು? ಒಡೆದರೆ ಏನು, ಒಡೆಯದಿದ್ದರೆ ಏನು, ಅದರಿಂದ ಯಾರಿಗೆ ಏನಾಗಬೇಕು? ಕೊನೆಯ ಪ್ರಶ್ನೆ ಕೇಳಿದವರು ಬ್ಯಾಂಕಿನಿಂದ ನಿವೃತ್ತರಾದವರು. ಅವರ ಬ್ಯಾಂಕಿನ ವೆಬ್‌ಸೈಟಿಗೂ ಈ ಪ್ರಶ್ನೆಗೂ ಇರುವ ನಂಟನ್ನು ಹೇಳುವುದಕ್ಕಾಗಿಯೇ ಈ ಲೇಖನ ಇಷ್ಟುದ್ದ ಆಯಿತು.

ಇಲಾಖೆ ಕೊಟ್ಟ ಅರ್ಥ

ಪಿನ್ ಕೋಡ್ ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. ರೂಪಿಸಿದವರು ಕೇಂದ್ರ ಸಂಪರ್ಕ ಸಚಿವಾಲಯದಲ್ಲಿ ಹೆಚ್ಚುವರಿ ಕಾರ್ಯದರ್ಶಿಯಾಗಿದ್ದ ಶ್ರೀರಾಮ್ ಭಿಕಾಜಿ ವೇಲಣಕರ್. ಸಂಸ್ಕೃತ ಕವಿಯೂ ಹೌದು. ಒಂದೇ ಹೆಸರಿನ ನಾಲ್ಕಾರು ಊರು, ಒಂದೊಂದು ಪತ್ರಕ್ಕೆ ಒಂದೊಂದು ಲಿಪಿ, ಅರ್ಥವಾಗದ ಕೈಬರಹ. ಇಷ್ಟರ ನಡುವೆ ಕಾಗದ ದಾರಿ ತಪ್ಪದಂತೆ ಮಾಡಲು ಆರು ಅಂಕಿ ಸಾಕಾದವು. ಮೊದಲ 5 ಅಂದರೆ ಕರ್ನಾಟಕ, ಆಂಧ್ರ, ತೆಲಂಗಾಣ ಸೇರಿದ ವಲಯ. ಮೊದಲ ಎರಡು ಅಂಕಿ 56ರಿಂದ 59ರೊಳಗಿದ್ದರೆ ಕರ್ನಾಟಕ. 560 ಅಂದರೆ ಬೆಂಗಳೂರು. ಕೊನೆಯ ಮೂರು ಅಂಕಿ ಅಂಚೆ ಕಚೇರಿಯದು; 001 ರಾಜಭವನ ರಸ್ತೆಯ ಜಿಪಿಒ, ಅಂದರೆ ಪ್ರಧಾನ ಅಂಚೆ ಕಚೇರಿ.

ಇದೆಲ್ಲ ಮನುಷ್ಯರು ಮಾಡಿಕೊಂಡ ಏರ್ಪಾಡು. ಇಲಾಖೆ ಮನಸ್ಸು ಮಾಡಿದ್ದರೆ ಜಿಪಿಒಗೆ 560100 ಕೊಟ್ಟು 560001ನ್ನು ಎಲೆಕ್ಟ್ರಾನಿಕ್ಸ್ ಸಿಟಿಗೆ ಕಟ್ಟಬಹುದಿತ್ತು. ಆದರೆ ಐದು ಲಕ್ಷದ ಅರವತ್ತು ಸಾವಿರದ ಒಂದು ಎಂಬ ಎಣಿಕೆಗೆ ತನ್ನದೇ ಆದ ಗುಣಗಳಿವೆ. ಅಂಚೆ ಇಲಾಖೆ ಹುಟ್ಟುವ ಮೊದಲೂ ಅವು ಹಾಗೇ ಇದ್ದವು.

ಹೂಕುಂಡಗಳ ಲೆಕ್ಕ

ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕೆ ಕುಂಡ ಜೋಡಿಸುವ ಮಾಲಿಯನ್ನು ನೆನೆದುಕೊಳ್ಳಿ. ಅವನ ಬಳಿ 12 ಕುಂಡ ಇವೆ. ಮೂರು ಸಾಲಲ್ಲಿ ನಾಲ್ಕು ನಾಲ್ಕು ಇಡಬಹುದು, ಎರಡು ಸಾಲಲ್ಲಿ ಆರು ಆರು ಇಡಬಹುದು, ಒಂದೂ ಮಿಗದೆ ಚೊಕ್ಕ ಆಯತ ಆಗುತ್ತದೆ. ಯಾರೋ ಇನ್ನೊಂದು ಕುಂಡ ತಂದಿಟ್ಟರು, 13 ಆಯಿತು. ಈಗ ಏನು ಮಾಡಿದರೂ ಕುಂಡ ಹೆಚ್ಚೋ ಕಡಿಮೆಯೋ ಆಗುತ್ತದೆ. ಉದ್ದಕ್ಕೆ ಒಂದೇ ಸಾಲಾಗಿ ಇಡುವುದು ಬಿಟ್ಟು ಬೇರೆ ದಾರಿಯಿಲ್ಲ.

ಹೀಗೆ ಒಂದೇ ಸಾಲಿಗೆ ಹಟ ಹಿಡಿಯುವ ಸಂಖ್ಯೆಗಳೇ ಅವಿಭಾಜ್ಯ ಸಂಖ್ಯೆಗಳು: 2, 3, 5, 7, 11, 13, ಹೀಗೆ ಮುಂದಕ್ಕೆ. ಅವನ್ನು 1 ಮತ್ತು ಸ್ವತಃ ಅವೇ ಹೊರತು ಬೇರಾವ ಸಂಖ್ಯೆಯೂ ಶೇಷವಿಲ್ಲದೆ ಭಾಗಿಸದು. 12ರಂತೆ ಆಯತಕ್ಕೆ ಒಗ್ಗುವವು ಸಂಯುಕ್ತ ಸಂಖ್ಯೆಗಳು. 1 ಎರಡೂ ಅಲ್ಲ, ಅದನ್ನು ಹೊರಗಿಡುವುದು ವಾಡಿಕೆ. ಸಂಖ್ಯೆಯನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆಗೆ ಅಪವರ್ತನ ಎನ್ನುತ್ತಾರೆ. ನಮ್ಮಲ್ಲಿ ಬಹಳ ಜನ ಏಳನೇ ಕ್ಲಾಸಿನಲ್ಲಿ ಓದಿ, ಮರುವರ್ಷವೇ ಮರೆತ ಪದ.

ಇನ್ನೊಂದು ವಿಷಯ ನೆನಪಿಡಬೇಕು. ಸಂಯುಕ್ತ ಸಂಖ್ಯೆಯನ್ನು ಹೇಗೇ ಒಡೆಯುತ್ತಾ ಹೋದರೂ ಕೊನೆಗೆ ಕೈಗೆ ಸಿಗುವ ಅವಿಭಾಜ್ಯಗಳು ಅವೇ. 12ನ್ನು 3 ಮತ್ತು 4 ಎಂದು ಒಡೆದರೂ 2 ಮತ್ತು 6 ಎಂದು ಒಡೆದರೂ ತಳದಲ್ಲಿ ಉಳಿಯುವುದು 2, 2, 3. ಹಾಗಾಗಿ 560001ರ ತಳದಲ್ಲಿ ಏನಿದೆ ಎಂಬ ಪ್ರಶ್ನೆಗೆ ಉತ್ತರ ಒಂದೇ. ಅದು ಯಾರ ಅಭಿಪ್ರಾಯಕ್ಕೂ ಬಿಟ್ಟದ್ದಲ್ಲ.

ಕಾಗದ, ಪೆನ್ನು, ಒಂದು ಲೋಟ ಕಾಫಿ

ಮೊದಲು ಎದುರು ಮನೆ ಹುಡುಗಿಯ ಉಪಾಯ. 560001ರ ಅಂಕಿಗಳನ್ನು ಕೂಡಿ: 5+6+0+0+0+1, ಅಂದರೆ 12. ಮೊತ್ತ 3ರ ಮಗ್ಗಿಯಲ್ಲಿ ಬಂದರೆ ಸಂಖ್ಯೆಯೂ 3ರಿಂದ ಹೋಗುತ್ತದೆ. ಶಾಲೆಯಲ್ಲಿ ಇಷ್ಟೇ ಹೇಳಿಕೊಡುತ್ತಾರೆ, ಏಕೆ ಎಂದು ಹೇಳುವವರು ಕಡಿಮೆ. ಕಾರಣ ದುಡ್ಡು ಹಂಚಿದಷ್ಟೇ ಸರಳ. ನೂರು ರೂಪಾಯಿಯನ್ನು ಮೂವರಿಗೆ ಹಂಚಿದರೆ ತಲಾ 33, ಮಿಗುವುದು 1. ಸಾವಿರ ಹಂಚಿದರೂ ಮಿಗುವುದು 1, ಲಕ್ಷ ಹಂಚಿದರೂ 1. ಆದ್ದರಿಂದ ಐದು ಲಕ್ಷದಿಂದ ಐದು ರೂಪಾಯಿ ಮಿಗುತ್ತದೆ, ಆರು ಹತ್ತುಸಾವಿರದಿಂದ ಆರು, ಕೊನೆಯ ಒಂದು ರೂಪಾಯಿ ಹಾಗೇ ಇರುತ್ತದೆ. ಒಟ್ಟು ಮಿಕ್ಕಿದ್ದು 12. ಅದನ್ನೂ ಮೂವರು ಸಮನಾಗಿ ಹಂಚಿಕೊಳ್ಳಬಹುದು. ಭಾಗಿಸಿದರೆ 186667 ಬರುತ್ತದೆ.

ಇಲ್ಲಿಗೆ ಆ ಸಂದೇಶದ ಕಥೆ ಮುಗಿಯಿತು. ಆದರೆ ಸಂಖ್ಯೆಯ ಕಥೆ ಮುಗಿದಿಲ್ಲ.

2, 5, 7 ಮೂರನ್ನೂ ಒಂದೇ ಏಟಿಗೆ ಬಿಡಬಹುದು. ಹಿಂದಿನ ಸಂಖ್ಯೆ 560000 ನೋಡಿ: 56ರ ಮುಂದೆ ನಾಲ್ಕು ಸೊನ್ನೆ. 56 ಅಂದರೆ ಏಳೆಂಟ್ಲ ಐವತ್ತಾರು, ಸೊನ್ನೆಗಳಲ್ಲಿ 2 ಮತ್ತು 5 ಕೂತಿವೆ. ಅಂದಮೇಲೆ 560001ನ್ನು ಈ ಮೂರರಲ್ಲಿ ಯಾವುದರಿಂದ ಭಾಗಿಸಿದರೂ 1 ಮಿಗಲೇಬೇಕು.

ಮುಂದಿನದು 11 ಮತ್ತು 13. ಇಲ್ಲಿ ನನಗೆ ಬಹಳ ಇಷ್ಟವಾದ ಒಂದು ಕೈಚಳಕವಿದೆ. 7, 11, 13 ಮೂರನ್ನೂ ಗುಣಿಸಿದರೆ 1001. ಹಾಗಾಗಿ ಆರಂಕಿ ಸಂಖ್ಯೆಯನ್ನು ನಡುವೆ ಕತ್ತರಿಸಿ, ಎಡದ ಮೂರಂಕಿಯಿಂದ ಬಲದ ಮೂರಂಕಿಯನ್ನು ಕಳೆದರೆ, ಈ ಮೂರು ಭಾಜಕಗಳ ಮಟ್ಟಿಗೆ ಇಡೀ ಸಂಖ್ಯೆಯನ್ನು ನೋಡಿದಷ್ಟೇ ಆಯಿತು. ನಮ್ಮದರಲ್ಲಿ 560 − 001 = 559. ಇದನ್ನು 7 ಭಾಗಿಸುವುದಿಲ್ಲ, 11 ಭಾಗಿಸುವುದಿಲ್ಲ. 13 × 43 = 559! ಅಂದರೆ 560001 ಕೂಡ 13ರಿಂದ ಹೋಗುತ್ತದೆ. 186667ನ್ನು 13ರಿಂದ ಭಾಗಿಸಿದಾಗ ಸಿಕ್ಕಿದ್ದು 14359.

ಈಗ ದಾರಿ ಕಡಿದಾಗುತ್ತದೆ. 14359ಕ್ಕೆ ಇಂಥ ಯಾವ ಕೈಚಳಕವೂ ಇಲ್ಲ, ಅವಿಭಾಜ್ಯಗಳನ್ನು ಒಂದೊಂದಾಗಿ ಹಾಕಿ ನೋಡಬೇಕು. ಎಲ್ಲಿಯವರೆಗೆ? 120 × 120 = 14400, ಅದು ಆಗಲೇ ಹೆಚ್ಚು. ಎರಡು ಅಪವರ್ತನಗಳೂ 120ಕ್ಕಿಂತ ದೊಡ್ಡವಾದರೆ ಗುಣಲಬ್ಧ 14359ನ್ನು ಮೀರಿಬಿಡುತ್ತದೆ. ಆದ್ದರಿಂದ ಒಂದಾದರೂ 120ರ ಕೆಳಗೆ ಇರಲೇಬೇಕು, ಇಲ್ಲವಾದರೆ 14359 ಅವಿಭಾಜ್ಯ. 120ರೊಳಗಿನ ಅವಿಭಾಜ್ಯಗಳು 30. ಅವುಗಳಲ್ಲಿ ಕೆಲವನ್ನು ಆಗಲೇ ಮುಗಿಸಿದ್ದೇವೆ.

17 ಹಾಕಿದೆ, 11 ಮಿಕ್ಕಿತು. 19 ಹಾಕಿದೆ, 14. 23ಕ್ಕೆ 7. 37ಕ್ಕೆ ಬರೀ 3 ಮಿಕ್ಕಾಗ ಆಸೆ ಹುಟ್ಟಿತು, ಆದರೆ ಶೇಷ ಚಿಕ್ಕದಾದರೆ ಉತ್ತರ ಹತ್ತಿರವಿದೆ ಎಂದೇನೂ ಅಲ್ಲ. 53ರ ಹೊತ್ತಿಗೆ ಕಾಫಿ ಆರಿತ್ತು. 79ಕ್ಕೆ 60 ಮಿಕ್ಕಿತು. ಇಪ್ಪತ್ತಮೂರನೇ ಅವಿಭಾಜ್ಯವಾದ 83 ಹಾಕಿದಾಗ ಏನೂ ಮಿಗಲಿಲ್ಲ: 83 × 173. ಆ 173 ಕೂಡ ಅವಿಭಾಜ್ಯವೇ.

ಹೀಗೆ 560001 = 3 × 13 × 83 × 173.

ಒಡೆದ ಮೇಲೆ ಏನೇನು ಕಾಣುತ್ತದೆ

ಈ ನಾಲ್ಕು ಬಿಡಿಭಾಗ ಸಿಕ್ಕಿದ ಮೇಲೆ ಉಳಿದ ಎಷ್ಟೋ ಪ್ರಶ್ನೆಗಳಿಗೆ ಉತ್ತರ ಸಲೀಸು. ಉದಾಹರಣೆಗೆ, ಒಟ್ಟು ಎಷ್ಟು ಸಂಖ್ಯೆಗಳು 560001ನ್ನು ಭಾಗಿಸುತ್ತವೆ? ದರ್ಶಿನಿಯಲ್ಲಿ ಇಡ್ಲಿ, ವಡೆ, ಕೇಸರಿಬಾತ್, ಕಾಫಿ ನಾಲ್ಕೇ ಇವೆ ಎಂದುಕೊಳ್ಳಿ. ಒಂದೊಂದನ್ನೂ ಬೇಕು ಅನ್ನಬಹುದು, ಬೇಡ ಅನ್ನಬಹುದು. 2 × 2 × 2 × 2, ಒಟ್ಟು 16 ಬಗೆಯ ಟೋಕನ್. ಏನೂ ಬೇಡ ಎಂದು ಬರಿಗೈಲಿ ಹೊರಡುವುದೂ ಅದರಲ್ಲಿ ಒಂದು. ಅಪವರ್ತನಗಳೂ ಹಾಗೆಯೇ 16. ಬರಿಗೈಲಿ ಹೊರಟರೆ 1, ನಾಲ್ಕನ್ನೂ ತೆಗೆದುಕೊಂಡರೆ 560001. ಜೋಡಿ ಮಾಡಿದರೆ ಎಂಟು ಆಯತಗಳು: ನಮ್ಮ ಮಾಲಿ 560001 ಕುಂಡಗಳನ್ನು 3 ಸಾಲಿನಲ್ಲೂ ಇಡಬಹುದು, 13, 39, 83, 173, 249, 519 ಸಾಲುಗಳಲ್ಲೂ ಇಡಬಹುದು, ಒಂದೇ ಉದ್ದ ಸಾಲಂತೂ ಇದ್ದೇ ಇದೆ. ನೋಡಲು ಚೆನ್ನಾಗಿ ಕಾಣುವುದು 519 × 1079. ಉಳಿದವು ರಸ್ತೆ ಅಗಲೀಕರಣಕ್ಕೆ ಬಿಟ್ಟುಕೊಟ್ಟ ಸೈಟಿನ ಹಾಗೆ ಉದ್ದಕ್ಕೆ ಸಪೂರ.

ತನ್ನನ್ನು ಬಿಟ್ಟು ಉಳಿದ ಅಪವರ್ತನಗಳನ್ನೆಲ್ಲ ಕೂಡಿದಾಗ ತಾನೇ ಮತ್ತೆ ಬರುವ ಸಂಖ್ಯೆಗಳಿವೆ. 6 ಅಂಥದ್ದು, ಏಕೆಂದರೆ 1+2+3 = 6. ಇವುಗಳಿಗೆ ಪರಿಪೂರ್ಣ ಸಂಖ್ಯೆ ಎಂದು ಹೆಸರು. 560001ರ ಮೊತ್ತ 258495, ಅರ್ಧವೂ ಇಲ್ಲ.

ವರ್ಗಗಳ ವಿಷಯ ಇನ್ನೂ ಸ್ವಾರಸ್ಯ. ಈ ಸಂಖ್ಯೆಯನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಲು ಸಾಧ್ಯವೇ ಇಲ್ಲ. ಸಾವಿರಾರು ಜೋಡಿ ಹಾಕಿ ನೋಡಿ ಸೋಲಬೇಕಿಲ್ಲ. 3 ಮತ್ತು 83 ಎರಡನ್ನೂ 4ರಿಂದ ಭಾಗಿಸಿದಾಗ 3 ಮಿಗುತ್ತದೆ, ಅಂಥ ಅವಿಭಾಜ್ಯ ಒಂಟಿಯಾಗಿ ಬಂದರೆ ಎರಡು ವರ್ಗದ ಬಾಗಿಲು ಮುಚ್ಚಿತು ಎಂಬುದು ಹಳೆಯ ಪ್ರಮೇಯ. ಮೂರು ವರ್ಗಕ್ಕೆ ಅಡ್ಡಿಯಿಲ್ಲ: 746² + 59² + 2². ಕೂಡುವ ಬದಲು ಕಳೆಯುವುದಾದರೆ ಎರಡೇ ಸಾಕು: 799² − 280². ಇದು ಆ 519 × 1079ರ ಇನ್ನೊಂದು ಮುಖ. ಅವೆರಡರ ಸರಾಸರಿ 799. ಅಲ್ಲಿಂದ ಎರಡೂ ಕಡೆಗೆ 280 ದೂರ.

ಎಲ್ಲವನ್ನೂ 0 ಮತ್ತು 1ರಲ್ಲೇ ಬರೆಯುವ ಕಂಪ್ಯೂಟರಿಗೆ ಈ ಸಂಖ್ಯೆ ಕಾಣುವುದು 10001000101110000001 ಎಂದು. ಇಪ್ಪತ್ತು ಅಂಕಿ, ಅದರಲ್ಲಿ ಏಳು ಒಂದುಗಳು. ಅಷ್ಟೇ.

ಹಾಗಾದರೆ ಅವಿಭಾಜ್ಯ ಬಡಾವಣೆ ಯಾವುದು?

ಗುಂಪಿನಲ್ಲಿ ಇದು ಬರುವುದೆಂದು ಗೊತ್ತಿತ್ತು. ಜಿಪಿಒ ಅಲ್ಲದಿದ್ದರೆ ಯಾವುದು? ಆರಂಕಿಯ ಯಾವ ಬೆಂಗಳೂರು ಪಿನ್ ಕೋಡ್ ಆದರೂ ಅವಿಭಾಜ್ಯವೇ ಎಂದು ತೀರ್ಮಾನಿಸಲು 748ರವರೆಗಿನ ಅವಿಭಾಜ್ಯಗಳನ್ನು ಹಾಕಿ ನೋಡಿದರೆ ಸಾಕು, ಅವು 132. ಒಂದು ಸಂಜೆ ಕೂತು 560001ರಿಂದ 560100ರವರೆಗೆ ಜಾಲಾಡಿದೆ. ಒಂಬತ್ತು ಉಳಿದವು: 560017, 560023, 560029, 560039, 560047, 560081, 560083, 560089, 560093.

ವಿಮಾನಪುರ, ಮಾಗಡಿ ರಸ್ತೆ, ನಿಮ್ಹಾನ್ಸ್ ಇರುವ 560029, ನಾಯಂಡಹಳ್ಳಿ, ವಿವೇಕನಗರ, ಬನ್ನೇರುಘಟ್ಟದ 560083 ಇವೆಲ್ಲ ಒಡೆಯದ ಸಂಖ್ಯೆಗಳು. ಕೊನೆಯ 560093 ಸಿ.ವಿ. ರಾಮನ್ ನಗರದ್ದು, ವಿಜ್ಞಾನಿಯ ಹೆಸರಿನ ಬಡಾವಣೆಗೆ ತಕ್ಕದ್ದೇ ಸಿಕ್ಕಿತು ಎಂದು ಹಿಗ್ಗಬಹುದು, ಆದರೆ ವಿಜ್ಞಾನದ ಮನೆಯೇ ಆದ ಭಾರತೀಯ ವಿಜ್ಞಾನ ಸಂಸ್ಥೆಯ 560012 ಮಾತ್ರ 2 × 2 × 191 × 733 ಎಂದು ಚೂರಾಗುತ್ತದೆ. ಇನ್ನು 560081 ಮತ್ತು 560083 ನಡುವೆ ಇರುವುದು ಒಂದೇ ಸಂಖ್ಯೆ. ಹೀಗೆ ಪಕ್ಕಪಕ್ಕ ಬರುವ ಅವಿಭಾಜ್ಯಗಳನ್ನು ಅವಳಿ ಎನ್ನುತ್ತಾರೆ. ಇಂಥ ಅವಳಿಗಳಿಗೆ ಕೊನೆ ಇದೆಯೇ ಇಲ್ಲವೇ ಎಂಬುದನ್ನು ಇಂದಿಗೂ ಯಾರೂ ಸಾಧಿಸಿ ತೋರಿಸಿಲ್ಲ.

ನೂರಕ್ಕೆ ಒಂಬತ್ತು ಏನು ಹೆಚ್ಚಲ್ಲ. ಐದೂವರೆ ಲಕ್ಷದ ಆಸುಪಾಸಿನಲ್ಲಿ ಸರಾಸರಿ ಹದಿಮೂರು ಸಂಖ್ಯೆಗೆ ಒಂದು ಅವಿಭಾಜ್ಯ ಇರುತ್ತದೆ. ಸಂಖ್ಯೆಗಳು ದೊಡ್ಡವಾದಂತೆ ಅವು ವಿರಳವಾಗುತ್ತಾ ಹೋಗುತ್ತವೆ, ಆದರೆ ಎಂದೂ ಮುಗಿಯುವುದಿಲ್ಲ.

ನಮ್ಮ ಮಲ್ಲೇಶ್ವರ? 560003 ಅವಿಭಾಜ್ಯವಲ್ಲ. ಆದರೆ ಅದು ಒಡೆಯುವ ರೀತಿ ಬೇರೆ. ಬಸವನಗುಡಿಯ 560004ನ್ನು ಮುಟ್ಟಿದರೆ ಸಾಕು, 2 × 2 × 3 × 23 × 2029 ಎಂದು ಉದುರುತ್ತದೆ. ಮಲ್ಲೇಶ್ವರಕ್ಕೆ 3 ಹಾಕಿದೆ, 11 ಹಾಕಿದೆ, 83 ಹಾಕಿದೆ, ಇನ್ನೂರು ದಾಟಿದೆ, ಜಪ್ಪಯ್ಯ ಅಂದರೂ ಅಲುಗಲಿಲ್ಲ. ಐವತ್ತೈದನೇ ಅವಿಭಾಜ್ಯವಾದ 257ಕ್ಕೆ ಬಂದಾಗ ಸೀಳಿತು: 257 × 2179. ಎರಡೇ ತುಂಡು, ಎರಡೂ ದೊಡ್ಡವು. ಈ ತರಹದ ಸಂಖ್ಯೆಗಳೇ ಬ್ಯಾಂಕಿನ ಕಥೆಗೆ ಬೇಕಾದವು.

28 ಸೆಕೆಂಡಿನ ಗುಣಾಕಾರ

1929ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಶಕುಂತಲಾದೇವಿ 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಎರಡು ಹದಿಮೂರಂಕಿಯ ಸಂಖ್ಯೆಗಳನ್ನು ಮನಸ್ಸಿನಲ್ಲೇ ಗುಣಿಸಿದರು: 7686369774870 ಮತ್ತು 2465099745779. ಇಪ್ಪತ್ತಾರು ಅಂಕಿಯ ಸರಿಯುತ್ತರ 28 ಸೆಕೆಂಡಿನಲ್ಲಿ ಬಂತು.

ನಮಗೆ ನಿಮಗೆ ಅದು ಆಗದು. ಆದರೆ ಸಾಕಷ್ಟು ಕಾಗದ ಕೊಟ್ಟರೆ ಯಾವ ಹೈಸ್ಕೂಲು ಹುಡುಗನೂ ಒಂದರ್ಧ ಗಂಟೆಯಲ್ಲಿ ಮಾಡಿ ಮುಗಿಸಿಯಾನು. ಈಗ ಹಿಂದುಮುಂದು ಮಾಡಿ. ಎರಡು ಹದಿಮೂರಂಕಿ ಅವಿಭಾಜ್ಯಗಳನ್ನು ನಾನು ಗುಟ್ಟಾಗಿ ಗುಣಿಸಿ, ಬಂದ ಉತ್ತರವನ್ನಷ್ಟೇ ನಿಮ್ಮ ಕೈಗಿಡುತ್ತೇನೆ: ಆ ಎರಡು ಸಂಖ್ಯೆ ಯಾವುವು ಹೇಳಿ. 14359ಕ್ಕೆ ಮಾಡಿದಂತೆ ಒಂದೊಂದೇ ಹಾಕಿ ನೋಡುವುದಾದರೆ ಕೈಲೆಕ್ಕಕ್ಕೆ ಈ ಜನ್ಮ ಸಾಲದು.

ಗುಣಾಕಾರದ ಈ ಏಕಮುಖ ಸ್ವಭಾವ ನಮ್ಮ ನೆಲಕ್ಕೆ ಹೊಸದಲ್ಲ. ಒಂಬತ್ತನೇ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಗಣಿತಜ್ಞ ಮಹಾವೀರಾಚಾರ್ಯ ಹಾರದಂತೆ ಕಾಣುವ ಗುಣಲಬ್ಧಗಳನ್ನು ಪೋಣಿಸಿಟ್ಟಿದ್ದಾನೆ. 152207 × 73 ಅವುಗಳಲ್ಲೊಂದು. ಗುಣಿಸಿ ನೋಡಿ, 11111111. ಈ ಕಡೆಯಿಂದ ಹೋದರೆ ಎರಡು ನಿಮಿಷದ ಕೆಲಸ. ಆದರೆ ಎಂಟು ಒಂದುಗಳನ್ನಷ್ಟೇ ತೋರಿಸಿ ಇದರೊಳಗೆ 73 ಇದೆಯೆಂದು ಕಂಡುಹಿಡಿ ಎಂದರೆ ಎಲ್ಲಿಂದ ಶುರು ಮಾಡುವುದು?

ಮಲ್ಲೇಶ್ವರದ ಬೀಗ

1977ರಲ್ಲಿ ರಿವೆಸ್ಟ್, ಶಮೀರ್, ಆಡ್ಲ್‌ಮನ್ ಎಂಬ ಮೂವರು ಇದೇ ಏಕಮುಖ ಸ್ವಭಾವದಿಂದ ಒಂದು ಬೀಗ ಮಾಡಿದರು. ಮೂವರ ಹೆಸರಿನ ಮೊದಲಕ್ಷರ ಸೇರಿಸಿ ಅದನ್ನು ಆರ್‌ಎಸ್‌ಎ ಎನ್ನುತ್ತಾರೆ. ಇದರ ವಿಶೇಷ ಏನೆಂದರೆ ಬೀಗ ಹಾಕುವ ಕೀಲಿ ಬೇರೆ, ತೆಗೆಯುವ ಕೀಲಿ ಬೇರೆ. ಹಾಕುವ ಕೀಲಿಯನ್ನು ಊರಿಗೆಲ್ಲ ಹಂಚಬಹುದು. ಅಂಚೆ ಡಬ್ಬದ ಹಾಗೆ: ಕಾಗದ ಯಾರು ಬೇಕಾದರೂ ಹಾಕಬಹುದು, ತೆಗೆಯುವ ಕೀಲಿ ಮಾತ್ರ ಇಲಾಖೆಯವರ ಬಳಿ.

ನಮ್ಮ 560003 ಇಟ್ಟುಕೊಂಡು ಆಟದ ಬೀಗ ಮಾಡೋಣ. ಊರಿಗೆಲ್ಲ ತಿಳಿಸಬೇಕಾದ್ದು ಎರಡೇ ಸಂಖ್ಯೆ: 560003 ಮತ್ತು 5. ಗೆಳೆಯನಿಗೆ ನಾಳೆ ಯಾವ ಕ್ರಾಸಿನಲ್ಲಿ ಸಿಗಬೇಕೆಂದು ಗುಟ್ಟಾಗಿ ಹೇಳಬೇಕಾಗಿದೆ, ಕ್ರಾಸ್ 15 ಎಂದಿಟ್ಟುಕೊಳ್ಳಿ. 15ನ್ನು ಐದು ಸಲ ಬರೆದು ಗುಣಿಸಿದರೆ 759375. ಇದನ್ನು 560003ರಿಂದ ಭಾಗಿಸಿ, ಭಾಗಲಬ್ಧವನ್ನು ಎಸೆದು, ಶೇಷ ಮಾತ್ರ ಇಟ್ಟುಕೊಳ್ಳಿ: 199372. ಕಳಿಸುವುದು ಇಷ್ಟನ್ನೇ. ಗಡಿಯಾರದ ಮುಳ್ಳು ಸುತ್ತಿದ ಹಾಗೆ ಇದು. ಮುಳ್ಳು ಮೂರರ ಮೇಲಿದೆ ಎಂದಷ್ಟೇ ನೋಡಿದವನಿಗೆ ಅದು ಎಷ್ಟು ಸುತ್ತು ಹಾಕಿ ಬಂತೆಂದು ತಿಳಿಯದು.

ಹಿಂದಕ್ಕೆ ಬರುವ ದಾರಿ 257 ಮತ್ತು 2179 ಎಂಬ ತುಂಡುಗಳು ಗೊತ್ತಿದ್ದವನಿಗೆ ಮಾತ್ರ. ಅವನು ಎರಡರಲ್ಲೂ ಒಂದೊಂದು ಕಳೆದು ಗುಣಿಸುತ್ತಾನೆ: 256 × 2178 = 557568. ಆಮೇಲೆ ಒಂದು ಸಂಖ್ಯೆ ಹುಡುಕುತ್ತಾನೆ. ಅದನ್ನು 5ರಿಂದ ಗುಣಿಸಿ 557568ರಿಂದ ಭಾಗಿಸಿದರೆ ಸರಿಯಾಗಿ 1 ಮಿಗಬೇಕು. ಅಂಥ ಸಂಖ್ಯೆ 334541. ಅದೇ ತೆಗೆಯುವ ಕೀಲಿ. 199372ನ್ನು 334541 ಸಲ ಬರೆದು ಗುಣಿಸಿ, 560003ರಿಂದ ಭಾಗಿಸಿದಾಗ ಉಳಿಯುವ ಶೇಷ 15. ಅಷ್ಟು ಸಲ ಗುಣಿಸುವುದೆಂದರೆ ಹೆದರಬೇಡಿ. ವರ್ಗ ಮಾಡುತ್ತಾ, ಆ ವರ್ಗದ ವರ್ಗ ಮಾಡುತ್ತಾ ಜಿಗಿದು ಹೋದರೆ ಮೂವತ್ತು ಹೆಜ್ಜೆಯೊಳಗೆ ಮುಗಿಯುತ್ತದೆ, ಕಂಪ್ಯೂಟರಿಗೆ ಕಣ್ಣು ಮಿಟುಕಿಸುವಷ್ಟೂ ಬೇಡ.

ಕಳ್ಳನಿಗೆ ಏನು ಅಡ್ಡಿ? ಅವನಿಗೆ 560003 ಗೊತ್ತು, 5 ಗೊತ್ತು, 199372 ಕೂಡ ಕೈಯಲ್ಲಿದೆ. ಆದರೆ 557568 ಬೇಕೆಂದರೆ 560003ನ್ನು ಒಡೆಯಬೇಕು. ಜಿಪಿಒದ 560001 ಈ ಕೆಲಸಕ್ಕೆ ಬಾರದ್ದು ಏಕೆಂದು ಈಗ ಗೊತ್ತಾಗುತ್ತದೆ: ಅಂಕಿ ಕೂಡಿದ ತಕ್ಷಣ 3 ಕಳಚಿಕೊಂಡು ಬರುತ್ತದೆ. ಒಳ್ಳೆಯ ಬೀಗಕ್ಕೆ ಬೇಕಾದದ್ದು ಎರಡೇ ತುಂಡು, ಎರಡೂ ದಪ್ಪ.

ನಿಜವಾದ ಬೀಗಗಳ ಗಾತ್ರ

ಆರಂಕಿಯ ಬೀಗ ಒಂದು ಸಂಜೆಗೂ ನಿಲ್ಲುವುದಿಲ್ಲ. ಬ್ಯಾಂಕಿನದೂ ಸೇರಿ ವೆಬ್‌ಸೈಟುಗಳು ಇಂದು ಬಳಸುವ ಆರ್‌ಎಸ್‌ಎ ಸಂಖ್ಯೆ ಸಾಮಾನ್ಯವಾಗಿ 617 ಅಂಕಿಯದು. (ಆರ್‌ಎಸ್‌ಎ ಒಂದೇ ಬೀಗವಲ್ಲ, ಬೇರೆ ಗಣಿತದ ಬೀಗಗಳೂ ಬಳಕೆಯಲ್ಲಿವೆ.) ಆ ಮೂವರು 1977ರಲ್ಲಿ ಸವಾಲಾಗಿ ಎಸೆದ 129 ಅಂಕಿಯ ಸಂಖ್ಯೆ ಒಡೆದದ್ದು 1994ರಲ್ಲಿ, ನೂರಾರು ಜನರ ಕಂಪ್ಯೂಟರುಗಳು ಸೇರಿ. 250 ಅಂಕಿಯ ಇನ್ನೊಂದು ಸವಾಲು 2020ರ ಫೆಬ್ರುವರಿಯಲ್ಲಿ ಒಡೆಯಿತು. ಪ್ರೊಸೆಸರಿನ ಒಂದೇ ಕೋರ್ (ಲೆಕ್ಕ ಮಾಡುವ ಘಟಕ) ಕೂತು ಮಾಡಿದ್ದರೆ ಸುಮಾರು 2700 ವರ್ಷ ಹಿಡಿಯುವಷ್ಟು ಕೆಲಸ. 617 ಅಂಕಿ ಅದರ ಎರಡೂವರೆ ಪಟ್ಟು ಉದ್ದ ಅಷ್ಟೇ ಎನಿಸಬಹುದು, ಆದರೆ ಕಷ್ಟ ಆ ಲೆಕ್ಕದಲ್ಲಿ ಏರುವುದಿಲ್ಲ, ಕೋಟಿ ಕೋಟಿ ಪಟ್ಟು ಏರುತ್ತದೆ.

ಅಷ್ಟು ದೊಡ್ಡ ಅವಿಭಾಜ್ಯಗಳು ಸಿಗುವುದಾದರೂ ಹೇಗೆ? ಹುಡುಕಿದರೆ ಸಿಗುತ್ತವೆ, 300 ಅಂಕಿಯ ಸಂಖ್ಯೆಗಳಲ್ಲೂ ಹೆಚ್ಚುಕಡಿಮೆ 700ಕ್ಕೆ ಒಂದು ಅವಿಭಾಜ್ಯ. ಒಂದು ಸಂಖ್ಯೆ ಅವಿಭಾಜ್ಯವೇ ಅಲ್ಲವೇ ಎಂದು ಅದನ್ನು ಒಡೆಯದೆಯೇ ಹೇಳಲು ಬರುತ್ತದೆ, ಇದು ಕೇಳಲು ವಿಚಿತ್ರ. 2002ರಲ್ಲಿ ಐಐಟಿ ಕಾನ್ಪುರದ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ ಈ ಪರೀಕ್ಷೆಯನ್ನು ತಪ್ಪಿಗೆ ಎಡೆಯಿಲ್ಲದಂತೆ, ಅದೃಷ್ಟಕ್ಕೆ ಬಿಡದಂತೆ, ವೇಗವಾಗಿ ಮಾಡುವ ಮೊದಲ ವಿಧಾನ ಕೊಟ್ಟು ಜಗತ್ತನ್ನೇ ಬೆರಗುಗೊಳಿಸಿದರು. ಕಂಪ್ಯೂಟರುಗಳು ದಿನನಿತ್ಯ ಮಾಡುವುದು ಅದಕ್ಕಿಂತ ಚುರುಕಾದ, ತಪ್ಪುವ ಸಂಭವ ಇಲ್ಲವೆನ್ನುವಷ್ಟು ಕಡಿಮೆಯಿರುವ ಪರೀಕ್ಷೆಯನ್ನು. ಅಂತೂ ಅವಿಭಾಜ್ಯ ಹೌದೋ ಅಲ್ಲವೋ ಎಂದು ಹೇಳುವುದು ಸುಲಭ, ಒಡೆಯುವುದು ಕಷ್ಟ. ಇವೆರಡರ ನಡುವಿನ ಅಂತರದ ಮೇಲೆ ಬೀಗ ನಿಂತಿದೆ.

ಒಡೆಯುವುದು ನಿಜಕ್ಕೂ ಕಷ್ಟವೇ ಎಂಬುದಕ್ಕೆ ಮಾತ್ರ ಯಾರ ಬಳಿಯೂ ಪುರಾವೆಯಿಲ್ಲ. ಇಲ್ಲಿಯವರೆಗೆ ಯಾರಿಗೂ ಸುಲಭದ ದಾರಿ ಸಿಕ್ಕಿಲ್ಲ ಎನ್ನುವುದಷ್ಟೇ ಧೈರ್ಯ. 1994ರಲ್ಲಿ ಗಣಿತಜ್ಞ ಪೀಟರ್ ಶೋರ್, ಕ್ವಾಂಟಮ್ ಕಂಪ್ಯೂಟರ್ ಎಂಬುದು ದೊಡ್ಡ ಪ್ರಮಾಣದಲ್ಲಿ ಕೈಗೂಡಿದರೆ ಇಂಥ ಸಂಖ್ಯೆಗಳನ್ನು ಸಲೀಸಾಗಿ ಒಡೆಯುವ ಕ್ರಮವನ್ನು ತೋರಿಸಿದರು. ಅಪವರ್ತನವನ್ನು ನೆಚ್ಚಿಕೊಳ್ಳದ ಹೊಸ ಬೀಗಗಳ ಮಾನದಂಡಗಳು ಅಮೆರಿಕದಲ್ಲಿ 2024ರಲ್ಲಿ ಹೊರಬಂದವು.

209559

ಇಷ್ಟನ್ನೂ ಗುಂಪಿನಲ್ಲಿ ತುಂಡು ತುಂಡಾಗಿ ಬರೆದು, ಕೊನೆಗೆ ಒಂದು ಸವಾಲು ಹಾಕಿದೆ: "ಸಂಜೆ ವಾಕಿಂಗ್ ಹೊರಡುವ ಕ್ರಾಸ್ ಯಾವುದು? ಬೀಗ 560003 ಮತ್ತು 5, ಸಂದೇಶ 209559." ತೆಗೆಯುವ ಕೀಲಿ ಹೇಳಲಿಲ್ಲ. ನಿವೃತ್ತ ಬ್ಯಾಂಕಿನವರು ಕ್ಯಾಲ್ಕುಲೇಟರ್ ಹುಡುಕುವಷ್ಟರಲ್ಲಿ ಎದುರು ಮನೆಯ ಹುಡುಗಿ 18 ಎಂದು ಬರೆದಾಗಿತ್ತು. ಉತ್ತರ ಸರಿ. ಅಷ್ಟು ಬೇಗ 257 ಹೇಗೆ ಕಂಡುಹಿಡಿದೆ ಎಂದು ಕೇಳಿದೆ.

"ಒಡೀಲೇ ಇಲ್ಲ ಅಂಕಲ್. 14ರ ತನಕ ಐದನೇ ಘಾತ 560003ಕ್ಕಿಂತ ಚಿಕ್ಕದು, 209559 ಅದರಲ್ಲಿ ಇರಲಿಲ್ಲ. ಆಮೇಲೆ 15ರಿಂದ ಒಂದೊಂದೇ ಕ್ರಾಸ್‌ಗೆ ನಾನೇ ಬೀಗ ಹಾಕ್ತಾ ಹೋದೆ. ನಾಲ್ಕನೇದಕ್ಕೇ ಸಿಕ್ತು."

ಹಾಕುವ ಕೀಲಿ ಊರಿಗೆಲ್ಲ ಗೊತ್ತು, ಕ್ರಾಸುಗಳೋ ಎಣಿಸಿದಷ್ಟೇ. ಇದೇ ಕಾರಣಕ್ಕೆ ನಿಜವಾದ ವ್ಯವಸ್ಥೆಗಳಲ್ಲಿ ಸಂದೇಶಕ್ಕೆ ಬೀಗ ಹಾಕುವ ಮೊದಲು ಪ್ರತಿ ಸಲವೂ ಬೇರೆ ಬೇರೆಯಾಗಿ ಆರಿಸಿದ ಉದ್ದನೆಯ ಅಂಕಿಸಾಲೊಂದನ್ನು ಅದರೊಡನೆ ಬೆರೆಸುತ್ತಾರೆ. ಹಾಗಾಗಿ ಅದೇ 18ನೇ ಕ್ರಾಸನ್ನು ಇವತ್ತು ಕಳಿಸಿದರೆ ಒಂದು ಸಂಖ್ಯೆ, ನಾಳೆ ಕಳಿಸಿದರೆ ಇನ್ನೊಂದು.